ಡೀಸೆಲ್ ಟ್ಯಾಂಕಿನ ಬೀಗ

5-2-79, ಸೋಮವಾರ
ಸ್ಕೂಲಿಗೆ ಹೊರಡುವ ಮೊದಲೇ ಲಾರಿ ಹೊರಟಿತು. ಬ್ಯಾಟರಿ ಸತ್ತು ಮೂರು ವರ್ಷವಾಯಿತು. ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸುವುದು, ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡುವುದು — ನಮ್ಮವರು ಬದುಕಿದ್ದಾಗಿನ ಪದ್ಧತಿ. ಅವರು ಹೋಗಿ ಎರಡು ವರ್ಷ. ಡ್ರೈವರ್ ಹೊನ್ನಯ್ಯನೂ ಅವರ ಕಾಲದವನೇ.
ಹೊರಡುವ ಮುಂಚೆ ಹೊನ್ನಯ್ಯ ಆಯಿಲ್ ಅಳೆಯುವ ಕಡ್ಡಿ ಎತ್ತಿ ತೋರಿಸಿದ. "ಅಮ್ಮಾವ್ರೇ, ಇಂಜಿನ್ ಆಯಿಲ್ ಏರೈತೆ ನೋಡಿ. ನಾನು ಹಾಕಿಲ್ಲ."
"ಇಳಿಜಾರಲ್ಲಿ ಕಡ್ಡಿ ಯಾವತ್ತೂ ಜಾಸ್ತೀನೇ ತೋರ್ಸುತ್ತೆ ಕಣಯ್ಯ. ಅವ್ರು ಹೇಳ್ತಿರ್ಲಿಲ್ವಾ?" ಎಂದೆ. ಕಡ್ಡಿ ಒರೆಸಿ ಒಳಗಿಟ್ಟ.
ಆಯಿಲ್ ಏರಿದರೆ ನನಗೇನು. ಇಳಿಯುತ್ತಿರುವುದು ಡೀಸೆಲ್. ಅದೇ ಕಡೂರು–ತರೀಕೆರೆ, ಅದೇ ತೆಂಗಿನಕಾಯಿ ಲೋಡು. ವಾರಕ್ಕೆ ಎರಡು ಲೀಟರ್ ಹೆಚ್ಚು… ಹೇಗೆ?

9-2, ಶುಕ್ರವಾರ
ಲಾರಿ ಕೆಳಗೆ ಬಗ್ಗಿ ನೋಡಿದೆ. ನೆಲದ ಮೇಲೆ ಒಂದು ಹನಿ ಇಲ್ಲ. ಸೋರುತ್ತಿಲ್ಲ ಎಂದಮೇಲೆ ಯಾರೋ ತೆಗೆಯುತ್ತಿದ್ದಾರೆ.
ಸ್ಟಾಫ್ ರೂಮಿನಲ್ಲಿ ಸುಲೋಚನಮ್ಮ: "ದಾರೀಲಿ ಪೈಪ್ ಹಾಕಿ ಎಳೀತಾರೆ ಕಣೇ ಮಲ್ಲಿಕಾಂಬ. ನೀನು ಹೆಂಗಸು ಅಂತ ಆಟ ಆಡಿಸ್ತಾವ್ನೆ."
ಹೊನ್ನಯ್ಯ? ಛೇ. — ಅವನಲ್ಲದಿದ್ದರೆ ಮತ್ತಾರು?

12-2, ಸೋಮವಾರ
ಉಪ್ಪಿನಕಾಯಿ ಬೀರುವಿನ ಬೀಗ ತೆಗೆದು ಟ್ಯಾಂಕಿನ ಮುಚ್ಚಳಕ್ಕೆ ಹಾಕಿದೆ. ಹೊನ್ನಯ್ಯ ನೋಡಿದ. ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿದ.
"ಯಜಮಾನ್ರು ಇದ್ದಾಗ ಇದಕ್ಕೆ ಮುಚ್ಚಳಾನೂ ಇರ್ಲಿಲ್ಲ. ಬಟ್ಟೆ ತುರುಕ್ತಿದ್ವಿ."
ಲಾರಿ ಕೀ ಜಗಲಿಯ ಮೇಲಿಟ್ಟ. ಅಜ್ಜಂಪುರದ ಬಸ್ಸು ಹತ್ತಿ ಊರಿಗೆ ಹೋಗಿಬಿಟ್ಟ. ನಾನು ಕೂಗಲಿಲ್ಲ. ಕೂಗಬೇಕಿತ್ತೋ ಏನೋ.

20-2, ಮಂಗಳವಾರ
ಹೊಸ ಡ್ರೈವರ್, ದೇವನೂರಿನವನು. ಬೀಗ ಭದ್ರ. ಅದರ ಕೀ ನನ್ನ ಸ್ಕೂಲ್ ಬ್ಯಾಗಿನಲ್ಲಿ. ಆದರೂ ಡೀಸೆಲ್ ಕಮ್ಮಿ!
ಏನೂ ತಿಳಿಯುತ್ತಿಲ್ಲ. ಬೋರ್ಡಿನ ಮೇಲೆ ಕೂಡಿಸುವುದನ್ನು ಕಳೆದೆ. ಮಕ್ಕಳೆಲ್ಲ ನಕ್ಕವು.

24-2, ಶನಿವಾರ. ಮಧ್ಯಾಹ್ನ, ತರೀಕೆರೆ
ಲೋಡಿನ ಜೊತೆ ನಾನೇ ಬಂದೆ. ಮೆಕ್ಯಾನಿಕ್ ಲಕ್ಷ್ಮೀಪತಿ ಕಡ್ಡಿ ಎಳೆದ. ಆಯಿಲ್ ಗುರುತು ದಾಟಿ ಮೂರು ಬೆರಳು ಮೇಲೆ. "ಇಳಿಜಾರು…" ಎನ್ನಹೊರಟೆ. ಶೆಡ್ಡಿನ ನೆಲ ಮಟ್ಟಸ.
ಕಡ್ಡಿಯನ್ನು ನನ್ನ ಮೂಗಿನ ಹತ್ತಿರ ಹಿಡಿದ. ಡೀಸೆಲ್ ವಾಸನೆ.
"ಟೀಚರಮ್ಮ, ನಿಮ್ ಕಳ್ಳ ಇಲ್ಲೇ ಅವ್ನೆ. ಡೀಸೆಲ್ ಪಂಪಿನ ಒಳಗಡೆ ರಬ್ಬರ್ ಹರಿದೈತೆ. ಡೀಸೆಲ್ ಹೊರಕ್ಕೆ ಸೋರಲ್ಲ, ಇಂಜಿನ್ ಆಯಿಲ್‌ಗೆ ಸೇರ್ಕೊಳ್ತದೆ. ಇನ್ನೊಂದ್ ವಾರ ಬಿಟ್ಟಿದ್ರೆ ಇಂಜಿನ್ನೇ ಹೋಗ್ತಿತ್ತು. ಆಯಿಲ್ ಏರ್ತಾ ಐತೆ ಅಂತ ಯಾರೂ ಹೇಳ್ಲಿಲ್ವಾ?"
ಹೇಳಿದ್ದ.
ಎರಡು ಬೋಲ್ಟ್ ಬಿಚ್ಚಿದ, ಹಳೆ ಪಂಪು ಕೈಗೆ ಬಂತು. ಇಷ್ಟೇ ಇಷ್ಟು ಸೀಳು. ಕೆಟ್ಟ ಆಯಿಲ್ ಬಸಿದರೆ ನೀರು ನೀರು. ಹೊಸ ಪಂಪು, ಹೊಸ ಆಯಿಲ್. ಪೈಪಿನ ಗಾಳಿ ತೆಗೆದು, ತಳ್ಳಿಸಿ ಸ್ಟಾರ್ಟ್ ಮಾಡಿದ. ಹರಿದ ರಬ್ಬರನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡೆ.

25-2, ಭಾನುವಾರ
ದೇವನೂರಿನವನಿಂದ ಓಡಿಸಿಕೊಂಡು ಲಾರಿಯಲ್ಲೇ ಅಜ್ಜಂಪುರಕ್ಕೆ ಹೋದೆ. ಹರಿದ ರಬ್ಬರನ್ನು ಹೊನ್ನಯ್ಯನ ಮುಂದೆ ಹಿಡಿದು, "ತಪ್ಪಾಯ್ತು ಕಣಯ್ಯ" ಎಂದೆ. ಅವನು ರಬ್ಬರ್ ನೋಡಲಿಲ್ಲ. ಹೆಂಡತಿ ಹುಚ್ಚಮ್ಮ ಟ್ಯಾಂಕಿನ ಕಡೆ ಬೆರಳು ಮಾಡಿದಳು: "ಬೀಗ ಇನ್ನೂ ಅಲ್ಲೇ ಐತಲ್ರವ್ವ."
ದೇವರೇ! ಅದರ ಕೀ ಬ್ಯಾಗಿನಲ್ಲಿ, ಬ್ಯಾಗು ಕಡೂರಿನಲ್ಲಿ.
ಹೊನ್ನಯ್ಯ ಎದ್ದು ಒಳಗೆ ಹೋದ. ಇನ್ನು ಬರುವುದಿಲ್ಲ ಎಂದುಕೊಂಡೆ. ಸುತ್ತಿಗೆ ತಂದು ನನ್ನ ಕೈಗೆ ಕೊಟ್ಟ. "ನೀವೇ ಹಾಕಿದ್ದು. ನೀವೇ ಹೊಡೀರಿ."
ನಾಲ್ಕನೇ ಏಟಿಗೆ ಒಡೆಯಿತು. ಹೆಬ್ಬೆರಳು ಊದಿದೆ. ದೇವನೂರಿನವನು ಲೆಕ್ಕ ತೀರಿಸಿಕೊಂಡು ಬಸ್ಸು ಹತ್ತಿದ; ವಾಪಸು ಬರುವಾಗ ಹೊನ್ನಯ್ಯನೇ ಓಡಿಸಿದ. ದಾರಿಯುದ್ದಕ್ಕೂ ರಸ್ತೆಯ ಮೇಲೇ ಕಣ್ಣು. ಕ್ಷಮಿಸಿದನೋ ಇಲ್ಲವೋ…

26-2, ಸೋಮವಾರ. ಬೆಳಿಗ್ಗೆ 6
ಇಳಿಜಾರಿನಲ್ಲಿ ಲಾರಿ ಇಲ್ಲ! ಆಚೆ ಮಟ್ಟಸ ಜಾಗದಲ್ಲಿ ನಿಲ್ಲಿಸಿದ್ದಾನೆ. ಅಲ್ಲಿಂದ ಹೇಗೆ ಉರುಳುತ್ತದೆ? ಇವನಿಗೇನಾಗಿದೆ?
ಹೊರಗಿನಿಂದ ಕೂಗುತ್ತಿದ್ದಾನೆ. "ಅಮ್ಮಾವ್ರೇ, ಬನ್ನಿ. ಕಡ್ಡಿ ನೀವೇ ಎತ್ತಿ ನೋಡಿ, ಇಲ್ಲಿ ಇಳಿಜಾರಿಲ್ಲ. ಆಮೇಲೆ ತಳ್ಳಾಕೂ ಒಂದು ಕೈ ಹಾಕಿ."
ಸೆರಗು ಸಿಕ್ಕಿಸಿಕೊಂಡು ಹೊರಟೆ.