ತೊಡೆಯ ಮೇಲೊಂದು ಪೆನ್ನಿನ ಗೆರೆ

ಅಕ್ಕನಿಗೆ,

ಹುಲ್ಲು ಕೊಯ್ಯುವಾಗ ಎಳ್ಳಿನಷ್ಟು ಸಣ್ಣ ಉಣ್ಣೆ ಹುಳು ಕಚ್ಚಿ, ತೊಡೆಯ ಮೇಲೆ ಬಳೆಯಂತೆ ಕೆಂಪು ಕಲೆ ಎದ್ದಿತು, ಜ್ವರವೂ ಬಂತು. ಇಲ್ಲಿನ ಡಾಕ್ಟರು ಅದರ ಸುತ್ತ ಪೆನ್ನಿನಿಂದ ಗೆರೆ ಎಳೆದು, ಉಣ್ಣೆ ಕಚ್ಚಿ ಬರುವ ಲೈಮ್ ಕಾಯಿಲೆ ಎಂದು ಮಾತ್ರೆ ಕೊಟ್ಟರು.

“ರಕ್ತ ಪರೀಕ್ಷೆ ಬೇಡ್ವಾ?” ಅಂದೆ.

“ಈಗ್ಲೇ ಮಾಡಿದ್ರೆ ಏನೂ ಗೊತ್ತಾಗಲ್ಲ. ಈ ಕಲೆನೇ ಸಾಕು.”

ನನಗೆ ಅಲ್ಲೇ ಗುಮಾನಿ. ಸೂಜಿ ಚುಚ್ಚದವರು ಎಂಥ ಡಾಕ್ಟರು ಎಂದು ನೀನು ಯಾವಾಗಲೂ ಅನ್ನುತ್ತೀಯಲ್ಲ! ಮಾತ್ರೆಯನ್ನು ಜೇಬಿನಲ್ಲೇ ಉಳಿಸಿಕೊಂಡೆ. ಮರುದಿನ ನೋಡಿದರೆ ಕಲೆ ಗೆರೆ ದಾಟಿ ಬೆರಳಗಲ ಆಚೆ ಬಂದಿತ್ತು. ಆವತ್ತಿನಿಂದ ಹೊತ್ತು ತಪ್ಪಿಸದೆ ನುಂಗುತ್ತಿದ್ದೇನೆ. ಜ್ವರ ಬಿಟ್ಟಿದೆ, ಈ ಮಾತ್ರೆ ಮುಗಿಯುವವರೆಗೆ ಬಿಸಿಲಿಗೆ ಮಾತ್ರ ಹೋಗಬಾರದಂತೆ. ಅನುಮಾನ ಇನ್ನೂ ಹೋಗಿಲ್ಲ ಅಕ್ಕ, ಆದರೆ ಈಗ ಅದು ಡಾಕ್ಟರ ಮೇಲಲ್ಲ, ನಿನ್ನ ಮೇಲೆ.

ಕಾರ್ಡಿನಲ್ಲಿ ಜಾಗ ಮುಗಿಯಿತು,
ತಮ್ಮ