ಒಬ್ಬಳೇ ಹತ್ತಿದೆ ಅಂದುಕೊಂಡಿದ್ದೆ

ಸಿಂಗಟಗೆರೆ,
ಮಂಗಳವಾರ ಸಂಜೆ

ಹೊಟ್ಟೆಯೊಳಗೆ ಹಾಯಾಗಿ ಮಲಗಿರುವ ನನ್ನ ಪುಟಾಣಿಗೆ,

ಇವತ್ತು ನಿನ್ನಮ್ಮ ಎರಡು ಮುದ್ದೆ ಉಂಡಳು. ಮೂರು ತಿಂಗಳಲ್ಲಿ ಮೊದಲ ಸಲ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳದೆ ಇಳಿಯಿತು. ಬೆಳಿಗ್ಗೆ ಕಡೂರಿನಲ್ಲಿ ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ಅರ್ಧ ಗಂಟೆ ನೋಡಿ, ನಿನ್ನ ಹೃದಯ, ಬೆನ್ನುಮೂಳೆ, ಕೈಕಾಲು ಎಲ್ಲಾ ಸರಿಯಾಗಿದೆ ಎಂದರು. ಇನ್ನೊಂದು ಸಲ ಹೇಳಿ ಮೇಡಂ ಎಂದೆ. ಪಾಪ, ಇನ್ನೊಂದು ಸಲವೂ ಹೇಳಿದರು. ಆ ಮಂಚದ ಮೇಲೇ ಗೊಳೋ ಅಂತ ಅತ್ತುಬಿಟ್ಟೆ. ಪಿ.ಟಿ. ಮೇಡಂ ಆದ ನಾನು ಬಂದರೆ ಗಪ್‌ಚುಪ್ಪಾಗುವ ನಮ್ಮ ಶಾಲೆಯ ಹುಡುಗರು ಅದನ್ನು ನೋಡಬೇಕಿತ್ತು.

ಯಾಕಿಷ್ಟು ಹೆದರಿದ್ದೆ ಅಂತ ನಿನಗೆ ಹೇಳಲೇಬೇಕು. ನೀನೂ ಅಲ್ಲಿದ್ದೆಯಲ್ಲ.

ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಯಾವ ಡಾಕ್ಟರ ಹತ್ತಿರ, ಯಾವ ದೇವರ ಹತ್ತಿರ ಹೋಗುವಾಗಲೂ ಯಾರೋ ಒಬ್ಬರು ನನ್ನ ಕೈ ಹಿಡಿದುಕೊಂಡೇ ಇರುತ್ತಿದ್ದರು. ರೋಸಿಹೋಗಿದ್ದೆ ಕಂದಾ. ಈ ಮೈಯಿಂದ ಏನೂ ಆಗಲ್ಲ ಅನ್ನುವುದು ಯಾರ ಬಾಯಲ್ಲೂ ಬರದಿದ್ದರೂ ಎಲ್ಲರ ಕಣ್ಣಲ್ಲೂ ಇತ್ತು. ಆಗುತ್ತೋ ಇಲ್ಲವೋ ನೋಡೇಬಿಡೋಣ ಅಂತ, ಲಡಾಖಿನ ಒಂದು ಹಿಮಶಿಖರವನ್ನು ಒಬ್ಬಳೇ, ಒಂದೇ ಹಗಲಲ್ಲಿ ಹತ್ತಿ ಇಳಿಯುವ ಹುಚ್ಚು ಹಿಡಿಸಿಕೊಂಡೆ. ಕಾಲೇಜಿನ ದಿನಗಳಲ್ಲೇ ಪರ್ವತಾರೋಹಣದ ಕೋರ್ಸ್ ಮಾಡಿದ್ದೆ. ಒಂದು ವರ್ಷ ಭಾನುವಾರವೆಲ್ಲ ಬೆನ್ನ ಮೇಲೆ ಹದಿನೈದು ಕೆಜಿ ಕೊಬ್ಬರಿ ಹೊತ್ತು, ಲಿಂಗದಹಳ್ಳಿಯಿಂದ ಮೇಲಕ್ಕೆ ಘಾಟಿ ರಸ್ತೆ ಹತ್ತಿದೆ. ಕೊಬ್ಬರಿ ಚೀಲ ಕಟ್ಟಿಕೊಡುತ್ತಿದ್ದವರು ನಿನ್ನಪ್ಪ ಹಾಲೇಶ. ನಮ್ಮತ್ತೆ ಗುರುಶಾಂತಮ್ಮನಿಗೆ, ಅಂದರೆ ನಿನ್ನಜ್ಜಿಗೆ, ದೆಹಲಿ ಕಡೆ ಟೀಚರುಗಳ ಟ್ರೈನಿಂಗ್ ಇದೆ ಅಂತ ಇಬ್ಬರೂ ಸೇರಿ ಸುಳ್ಳು ಹೇಳಿದೆವು.

ಸೆಪ್ಟೆಂಬರ್ ಮೊದಲ ವಾರ. ಬೇಡ ಬೇಡ ಅಂದ ಗೈಡನ್ನು ಕೆಳಗಿನ ಟೆಂಟಿನಲ್ಲೇ ಬಿಟ್ಟು ನಸುಕಿನಲ್ಲಿ ಹೊರಟೆ. ಬೂಟಿಗೆ ಕಬ್ಬಿಣದ ಮುಳ್ಳು, ಕೈಯಲ್ಲಿ ಹಿಮಗೊಡಲಿ. ದಾರಿ ಒಂದು ಹಿಮನದಿಯ ಮೇಲೆ. ಹಿಮನದಿ ಅಂದರೆ ನೀರಲ್ಲ, ನಮ್ಮ ಕೆರೆಯಷ್ಟು ಅಗಲಕ್ಕೆ ಬಿದ್ದುಕೊಂಡ ಹಳೇ ಮಂಜುಗಡ್ಡೆ. ಅದರಲ್ಲಿ ಆಳವಾದ ಬಿರುಕುಗಳಿರುತ್ತವೆ, ಕೆಲವು ಮೇಲೆ ಹಿಮ ಮುಚ್ಚಿಕೊಂಡು ಕಣ್ಣಿಗೇ ಬೀಳುವುದಿಲ್ಲ. ಬಿಸಿಲು ಮೂಡುವಷ್ಟರಲ್ಲಿ ಹೊಟ್ಟೆ ತೊಳೆಸಿ ವಾಂತಿಯಾಯಿತು. ಅಷ್ಟು ಎತ್ತರದಲ್ಲಿ ಗಾಳಿ ಸಾಲದೆ ಹಾಗಾಗುವುದುಂಟು. ವಾಂತಿ ಬಂತೆಂದರೆ ಹಿಂದೆ ಮುಂದೆ ನೋಡದೆ ಇಳಿದುಬಿಡಿ ಅಂತ ಕೋರ್ಸಿನಲ್ಲಿ ಬಡಿದು ಬಡಿದು ಹೇಳಿಕೊಟ್ಟಿದ್ದರು. ಮೂರು ಸಲ ಬಂತು. ಇಳಿಯಲಿಲ್ಲ ನಾನು. ಬೆಲ್ಲ ಕೊಬ್ಬರಿ ಬಾಯಿಗೆ ಹಾಕಿಕೊಂಡು ಹತ್ತೇ ಹತ್ತಿದೆ. ಹನ್ನೊಂದು ಗಂಟೆಗೆ ತುದಿಯಲ್ಲಿದ್ದೆ. ಸುತ್ತ ಎತ್ತ ನೋಡಿದರೂ ಬಿಳೀ ಬೆಟ್ಟಗಳು, ಮನುಷ್ಯರ ಸುಳಿವೇ ಇಲ್ಲ. ಎಂಥ ಖುಷಿಯಾಯಿತು ಅಂದರೆ, ಕೊರಳಲ್ಲಿದ್ದ ಶಾಲೆಯ ಸೀಟಿ ತೆಗೆದು ಉಸಿರಿರುವಷ್ಟೂ ಊದಿದೆ.

ಇಳಿಯುವಾಗ ಬಿಸಿಲಿಗೆ ಹಿಮ ಮೆತ್ತಗಾಗಿತ್ತು. ಕಾಲಿಟ್ಟ ಕಡೆ ಕುಸಿದು, ಸೊಂಟದವರೆಗೆ ಬಿರುಕಿನೊಳಗೆ ಹೋದೆ. ಹೊಟ್ಟೆ ಅಂಚಿಗೆ ಬಡಿಯಿತು. ಕೆಳಗೆ ಕಾಲಿಗೆ ಏನೂ ಸಿಗಲಿಲ್ಲ. ಕೊಡಲಿ ನೆಟ್ಟು, ಹೊಟ್ಟೆಯ ಮೇಲೇ ತೆವಳಿಕೊಂಡು ಆಚೆ ಬಂದೆ. ಹೌದು, ಹೊಟ್ಟೆಯ ಮೇಲೇ. ಹೊತ್ತು ಮುಳುಗುವ ಮುಂಚೆ ಟೆಂಟು ಸೇರಿ ಟೀ ಕುಡಿದೆ, ಬಿದ್ದದ್ದನ್ನು ತಮಾಷೆ ಮಾಡಿಕೊಂಡು ನಕ್ಕೆ.

ಊರಿಗೆ ಬಂದ ಮೇಲೂ ವಾಂತಿ ನಿಲ್ಲಲಿಲ್ಲ. ಸಿಂಗಟಗೆರೆಯಲ್ಲಿ ಎಲ್ಲಿಂದ ಬರಬೇಕು ಎತ್ತರದ ಕಾಯಿಲೆ? ಪರೀಕ್ಷೆ ಮಾಡಿಸಿದರೆ ಎರಡು ತಿಂಗಳು ಅಂದರು. ದಿನ ಎಣಿಸಿ ನೋಡಿದೆ, ಬೆಟ್ಟ ಹತ್ತಿದಾಗಲೇ ನೀನು ಹೊಟ್ಟೆಯಲ್ಲಿದ್ದೆ. ಮನೆಯವರು ಸಕ್ಕರೆ ಹಂಚುತ್ತಿದ್ದಾಗ ನಾನು ಬಚ್ಚಲಲ್ಲಿ ಕೂತು ಹಣೆ ಚಚ್ಚಿಕೊಳ್ಳುತ್ತಿದ್ದೆ. ಡಾಕ್ಟರಮ್ಮನಿಗೆ ಮಾತ್ರ ಹೇಳಿದೆ. ಐದನೇ ತಿಂಗಳ ಸ್ಕ್ಯಾನಿಂಗ್ ಆಗುವ ತನಕ ಏನೂ ಹೇಳಲಾಗದು, ಧೈರ್ಯವಾಗಿರಿ ಎಂದರು. ಬಿದ್ದ ಸಂಗತಿ ನಿನ್ನಪ್ಪನಿಗೂ ಹೇಳಲಿಲ್ಲ. ಇತ್ತ ನಿನ್ನಜ್ಜಿ, ಕೈ ಎತ್ತಿ ಬಟ್ಟೆ ಒಣಹಾಕಬೇಡ, ಪರಂಗಿ ಹಣ್ಣು ಮುಟ್ಟಬೇಡ, ಬಸ್ಸಿನ ಮೆಟ್ಟಿಲು ನಿಧಾನ ಅಂತ ಹಗಲೆಲ್ಲ ಬೆನ್ನಿಗೆ ಬಿದ್ದಿದ್ದರು. ಒಂದೊಂದು ಮಾತಿಗೂ ನಾನು ಒಳಗೊಳಗೇ ಸಾಯುತ್ತಿದ್ದೆ.

ಇವತ್ತು ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಅವರು ಪಕ್ಕದಲ್ಲೇ ಕೂತಿದ್ದರು. ನಮಗಿಂತ ಮುಂದೆ ಇನ್ನೂ ನಾಲ್ಕು ಜನರಿದ್ದರು. ತಡೆಯಲಾಗಲಿಲ್ಲ. ಅತ್ತೆ, ಮಗುವಿಗೆ ಏನಾದರೂ ಆಗಿದ್ದರೆ ಅದು ನನ್ನಿಂದಲೇ ಅಂತ ಶುರು ಮಾಡಿ, ಸುಳ್ಳು, ಬೆಟ್ಟ, ಬಿರುಕು ಎಲ್ಲಾ ಹೇಳಿಬಿಟ್ಟೆ. ಬೈಗುಳಕ್ಕೆ ಕಾದು ಕೂತೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಆ ಕಡೆ ಈ ಕಡೆ ನೋಡಿ, ದನಿ ಇಳಿಸಿದರು.

"ಹಾಲೇಶ ಹೊಟ್ಟೆಲಿದ್ದಾಗ, ಐದು ತಿಂಗಳಲ್ಲಿ, ಅಜ್ಜಂಪುರಕ್ಕೆ ತವರಿಗೆ ಹೋಗಿದ್ದೆ. ಕೆಟ್ಟ ಬೇಸ್ಗೆ. ತೋಟದ ಬಾವಿಗೆ ಹಾರ್ದೆ ಕಣೇ. ಜಾರಿ ಬೀಳ್ಲಿಲ್ಲ, ಯಾರೂ ನೂಕ್ಲಿಲ್ಲ. ಈಜಕ್ಕೆ ಅಂತ ನಾನೇ ಹಾರ್ದೆ. ಮೂರು ಸಲ."

ನಿನ್ನಪ್ಪನಿಗೆ ಮೂರು ವರ್ಷ ತುಂಬಿದರೂ ಒಂದು ಮಾತೂ ಬರಲಿಲ್ಲವಂತೆ. ಬಾವಿ ನೀರೇ ಮಗುವಿನ ಕಿವಿ ಸೇರಿತು ಅಂತ ನಿನ್ನಜ್ಜಿ ಅತ್ತಿದ್ದೇ ಅತ್ತಿದ್ದು, ಹರಕೆ ಹೊತ್ತಿದ್ದೇ ಹೊತ್ತಿದ್ದು. ಕಟ್ಟಿಕೊಂಡ ಗಂಡನಿಗೂ ಬಾಯಿ ಬಿಡಲಿಲ್ಲ. ಆಮೇಲೆ ಮಾತು ಕಲಿತ ನಿನ್ನಪ್ಪ ಇವತ್ತಿನವರೆಗೂ ಬಾಯಿ ಮುಚ್ಚಿಲ್ಲ, ಅದು ನಿನಗೇ ಗೊತ್ತಾಗುತ್ತೆ ಬಿಡು. ನನಗೆ ಹಾಕಿದ ಕಟ್ಟುಪಾಡೆಲ್ಲ ಎಲ್ಲಿಂದ ಬಂದದ್ದು ಅಂತ ಆಗ ತಿಳಿಯಿತು. ಅವರ ಕೈ ಹಿಡಿದುಕೊಂಡೆ. ನರ್ಸ್ ನನ್ನ ಹೆಸರು ಕೂಗುವ ತನಕ ಬಿಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ, ಮೇಲೆ ನಿಂತರೆ ಏನು ಕಾಣುತ್ತೆ ಅಂತ ಕೇಳಿದರು. ಬಿಳೀ ಬೆಟ್ಟಗಳನ್ನು ಹೇಳಿದೆ, ಸೀಟಿ ಊದಿದ್ದನ್ನೂ ಹೇಳಿದೆ. ಊರು ಹತ್ತಿರ ಬಂದಾಗ ನನ್ನ ಕಿವಿಗೆ ಬಾಯಿ ತಂದರು.

"ತಪ್ಪಾಯ್ತು ಅಂತ ನಲ್ವತ್ತು ವರ್ಷ ದೇವ್ರಿಗೆ ಕೈ ಮುಗ್ದಿದೀನಿ. ಆದ್ರೂ ಅನಿತಾ, ಆ ನೀರು ಎಷ್ಟು ತಣ್ಣಗಿತ್ತು ಅಂತೀಯ."

ಕೈಕಾಲು ಗಟ್ಟಿ ಮಾಡಿಕೊಂಡು, ದಿನ ತುಂಬಿದ ಮೇಲೆ ನಿಧಾನವಾಗಿ ಬಾ ಕಂದಾ. ನೂರು ಕಾಲ ಬಾಳು.

ನಿನ್ನನ್ನು ಒಂದು ಮಾತೂ ಕೇಳದೆ ಬೆಟ್ಟಕ್ಕೆ ಹೊತ್ತುಕೊಂಡು ಹೋದ,
ನಿನ್ನ ಅಮ್ಮ
ಅನಿತಾ