ಬಸಲಿಂಗವ್ವ ಹಾಲು ಇಳಿಸಿ ಬರುವಷ್ಟರಲ್ಲಿ

ಮುತ್ತಲಗುಂದಿ, ಕೃಷ್ಣೆಯ ದಂಡೆ
ಎರಡು ಸಾವಿರದ ನೂರ ತೊಂಬತ್ತೊಂದನೆಯ ಇಸವಿ, ಫೆಬ್ರವರಿ ಮೂವತ್ತು

ಮುತ್ತಲಗುಂದಿಯ ಗ್ರಂಥಾಲಯ ನೋಡಿಕೊಳ್ಳುವ ದಾಕ್ಷಾಯಣಿ ಅಕ್ಕೋರಿಗೆ ಅದೇ ಊರಿನ ಫಕೀರವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಪಾಪ, ಅದೊಂದೇ ತಿಂಗಳು ಎಷ್ಟು ಕಾಲ ಅಂತ ಕುಂಟಬೇಕು? ನೀವು ನನಗಿಂತ ನಾಲ್ಕೈದು ತಲೆಮಾರು ಹಿರಿಯರು. ಆದರೆ ಈ ಕಾಗದ ಒಡೆಯುವ ದಿನ ನಿಮ್ಮ ಕೂದಲು ಇನ್ನೂ ನೆರೆತಿರುವುದಿಲ್ಲ, ನನ್ನ ಬಾಯಲ್ಲೋ ಎರಡೇ ಹಲ್ಲು ಉಳಿದಿವೆ. ಯಾರು ಯಾರ ಕಾಲು ಮುಟ್ಟಬೇಕೆಂದು ತಿಳಿಯದೆ ನಮಸ್ಕಾರ ಎಂದಷ್ಟೇ ಬರೆದಿದ್ದೇನೆ. ನನ್ನ ಓದು ನಾಲ್ಕನೆಯ ಇಯತ್ತೆಗೆ ಮುಗಿಯಿತು. ನಡುನಡುವೆ ನಿಮಗೆ ಗೊತ್ತಿಲ್ಲದ ಮಾತು ಬಂದರೆ ಸೈರಿಸಿಕೊಳ್ಳಿ. ನಿಮ್ಮ ಮಾತುಗಳೂ ನನಗೆ ಅಷ್ಟೇ ವಿಚಿತ್ರ. 'ಗುಡ್ ಮಾರ್ನಿಂಗ್' ಎಂಬುದು ನಿಮ್ಮ ಕಾಲದ ಯಾವುದೋ ದೇವರೆಂದು ನಾನು ಬಹಳ ವರ್ಷ ನಂಬಿದ್ದೆ. ದಿನ ಬೆಳಗಾದರೆ ಕಮಲದ ಹೂವು, ಚಹಾದ ಕಪ್ಪು, ಮೂಡುವ ಸೂರ್ಯನನ್ನು ಇಟ್ಟು ಊರಿಗೆ ಊರೇ ಅಷ್ಟು ಭಕ್ತಿಯಿಂದ ಮತ್ತಿನ್ನಾರನ್ನು ನೆನೆದೀತು?

ಈ ಕಾಗದ ಬರುವುದು ಹಿನ್ನಂಚೆಯಲ್ಲಿ. ನದಿಯ ನೀರು ಮೇಲಕ್ಕೆ ಹರಿದಂತೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ ಅದು. ಅದಕ್ಕೆ ಅದರದೇ ಹಟವಿದೆ. ಅಂದೂ ಇಂದೂ ಒಂದೇ ಜಾಗದಲ್ಲಿ ನಿಂತಿರುವ ಮನೆಗೆ ಮಾತ್ರ ಅದು ಹೋಗುತ್ತದೆ. ನಮ್ಮೂರಲ್ಲಿ ದೇವರ ಗುಡಿಯೂ ಜಾಗ ಬದಲಿಸಿತು, ಪೊಲೀಸ್ ಠಾಣೆಯೂ ಬದಲಿಸಿತು. ಕದಲದೆ ಉಳಿದದ್ದು ನಿಮ್ಮ ಗ್ರಂಥಾಲಯ ಒಂದೇ. ಹೀಗಾಗಿ ನಿಮಗೆ ಬರೆಯುತ್ತಿದ್ದೇನೆ. ನಮ್ಮ ವಂಶದ ಹಿರಿಯಳಾದ ಬಸಲಿಂಗವ್ವನಿಗೇ ಬರೆಯಬೇಕಿತ್ತು. ಆದರೆ ಅವಳ ಮನೆ ಇಂದು ಇಲ್ಲ, ಇದ್ದರೂ ಅವಳಿಗೆ ಓದಲು ಬಾರದು.

ನಿಮ್ಮ ಗ್ರಂಥಾಲಯವನ್ನು ನಾವು ಮಾತುಮನೆ ಎನ್ನುತ್ತೇವೆ. ಪುಸ್ತಕಗಳು ಅವೇ, ಕಪಾಟುಗಳು ಬೇರೆ. ಒಂದು ಪುಸ್ತಕದ ಬೆನ್ನು ಸವರಿದರೆ ಸಾಕು, ಅದನ್ನು ಓದಿದವರೆಲ್ಲ ಕಟ್ಟೆಯ ಮೇಲೆ ಬಂದು ಕುಳಿತಂತೆ ಒಬ್ಬರ ಹಿಂದೆ ಒಬ್ಬರು ಮಾತಾಡುತ್ತಾರೆ, ತೀರಿಕೊಂಡವರು ಮೊದಲು, ಇದ್ದವರು ಆಮೇಲೆ. ಜೋಳದ ಬೆಳೆಯ ಪುಸ್ತಕ ಸವರಿ ನೋಡಿ. ಬರೆದವನು ಹೇಳಿದ್ದು ಎರಡು ಮಾತಾದರೆ, 'ಅಂವಗೇನ ಗೊತ್ತೈತಿ, ನಮ್ಮ ಎರಿಹೊಲಕ್ಕ ಬಂದು ಬಿತ್ತಿ ನೋಡಂತ ಹೇಳ್ರಿ' ಎಂದು ಬೈಯುವ ರೈತರೇ ಹೆಚ್ಚು. ಬಾಣಂತಿಯ ಪುಸ್ತಕ ಸವರಿದರೆ ಬೀದರಿನಿಂದ ಒಬ್ಬಳು, ಕಾರವಾರದಿಂದ ಒಬ್ಬಳು ಕೂಡಲೇ ಉತ್ತರ ಕೊಡುತ್ತಾರೆ. ನನ್ನ ಮೊಮ್ಮಗಳು ಚೊಚ್ಚಲ ಕೂಸಿಗೆ ಹಾಲು ಸಾಲದೆ ಅಳುತ್ತ ಕುಳಿತಾಗ ಅವಳನ್ನು ಸಮಾಧಾನ ಮಾಡಿದ್ದು ನಾನಲ್ಲ, ಆ ಇಬ್ಬರು ಕಾಣದ ಹೆಂಗಸರು. ಬೈದಾಡುವ ಮಾತುಗಳನ್ನೂ ನಾವು ಚೆಲ್ಲುವುದಿಲ್ಲ, ಜಗಳದ ಕಪಾಟು ಎಂದು ಬೇರೆ ಇಟ್ಟಿದ್ದೇವೆ. ಆದರೆ ಹೆಸರು ಹೇಳದವರಿಗೆ ಯಾವ ಕಪಾಟಿನಲ್ಲೂ ಜಾಗವಿಲ್ಲ. ಪುಸ್ತಕ ಮರಳಿಸುವಾಗ ಓದಿದವರು ಅದರ ಜೊತೆ ನಾಲ್ಕು ಮಾತು ಇಟ್ಟೇ ಕೊಡಬೇಕು. ಅದಕ್ಕೆ ಮರುಬಟ್ಟಲು ಎಂದು ಹೆಸರು.

ಈ ಮರುಬಟ್ಟಲು ಎಲ್ಲಿಂದ ಬಂತು ಎಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ, ಅಕ್ಕೋರೆ. ನೀವು ಹೊಸ ಪುಸ್ತಕ ಬಂದಾಗ ತಿಳಿಸಲೆಂದು, ಹಳೆಯದನ್ನು ಮರಳಿಸಿ ಎಂದು ನೆನಪಿಸಲೆಂದು ಊರವರನ್ನೆಲ್ಲ ಸೇರಿಸಿ ವಾಟ್ಸಾಪ್ ಗ್ರೂಪು ಮಾಡಿದಿರಿ. ನಿಮ್ಮ ಲೆಕ್ಕದಲ್ಲಿ ಅದು ಗೋಡೆಯ ಮೇಲಿನ ನೋಟೀಸು. ನಮ್ಮೂರ ಹೆಂಗಸರ ಲೆಕ್ಕವೇ ಬೇರೆ. ಪಕ್ಕದ ಮನೆಯಿಂದ ಬಟ್ಟಲಲ್ಲಿ ಏನಾದರೂ ಬಂದರೆ ಆ ಬಟ್ಟಲನ್ನು ಬರಿದು ಮರಳಿಸುವುದುಂಟೇ? ಒಂದು ಹಿಡಿ ಶೇಂಗಾವನ್ನಾದರೂ ಹಾಕಿ ಕಳಿಸುತ್ತಾರೆ. ನೀವು ಪುಸ್ತಕದ ಚಿತ್ರ ಕಳಿಸಿದಿರಿ, ಅವರು ಅದನ್ನು ಬಟ್ಟಲೆಂದು ತಿಳಿದರು. ಓದು ಬಾರದವರು ಗುಂಡಿ ಒತ್ತಿ ಹಿಡಿದು ಬಾಯಿಂದಲೇ ತುಂಬಿ ಕಳಿಸಿದರು. ಒಬ್ಬಳು ಬೀಸುವ ಪದ ಹಾಡಿದಳು. ಒಬ್ಬಳು ಮಾದಲಿ ಮಾಡುವ ಬಗೆ ಹೇಳಿದಳು. ಒಬ್ಬ ತನ್ನ ಕಳೆದುಹೋದ ಹೋತದ ಬಣ್ಣ ವರ್ಣಿಸಿದ. ಆಗ ನೀವು ರೇಗಿ ಹೇಳಿದ್ದೂ ನಮ್ಮಲ್ಲಿ ಉಳಿದಿದೆ: 'ಇದು ಗ್ರಂಥಾಲಯದ ಗ್ರೂಪ್ ಐತ್ರೀ, ಸಂತಿ ಅಲ್ಲ! ಪುಸ್ತಕದ ಮಾತಿದ್ರ ಆಡ್ರಿ, ಇಲ್ಲಂದ್ರ ಸುಮ್ಮ ಕುಂದರ್ರಿ!' ನಮ್ಮ ಹುಡುಗರು ನಿಮ್ಮ ದನಿಯನ್ನು ಅನುಕರಿಸಿ ಆಡುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ನೂರೈವತ್ತು ವರ್ಷ ದಾಟಿಯೂ ಕಾವು ಆರದ ಬೈಗುಳ ಎಲ್ಲರಿಗೂ ದಕ್ಕುವುದಿಲ್ಲ.

ಈಗ ಬಸಲಿಂಗವ್ವನ ಮಾತು. ಅವಳು ನನ್ನ ಮುತ್ತಜ್ಜಿಯ ಅಜ್ಜಿ. ನೀವು ಒಂದು ದಿನ ಮಕ್ಕಳ ಪುಸ್ತಕವೊಂದರ ಚಿತ್ರ ಕಳಿಸಿದಿರಿ. ಅದರ ಮೇಲೆ ಒಂದು ಬಾವಿ, ದಂಡೆಯಲ್ಲಿ ಕೊಡ ಹಿಡಿದ ಹೆಂಗಸು. ಬಸಲಿಂಗವ್ವ ಅದನ್ನು ನೋಡಿ ತನಗೆ ಗೊತ್ತಿದ್ದ ಕಥೆ ಶುರು ಮಾಡಿದಳು. ಅವಳ ಬಾಯಿಂದ ಬಂದಂತೆಯೇ ಬರೆಯುತ್ತೇನೆ: 'ಒಬ್ಬಾಕಿ ಸೊಸಿ ಬ್ಯಾಸಗಿಯಾಗ ನೀರಿಗೆ ಹೋದ್ಲು. ಹಗ್ಗ ಬಿಟ್ಟಂಗ ಬಿಟ್ಟಂಗ ನೀರು ತೆಳಗ ತೆಳಗ ಸರೀತು. ಕಡೀಕ ಬಾವಿನ ಮಾತಾಡ್ತು. ಯಾರ ಹೆಸರೀಲೆ ಬಂದೀಯವಾ? ಒಂದು ಹೆಸರು ಹೇಳು, ಕೊಡ ತುಂಬತೀನಿ. ಆದರ ನೀ ಹೇಳಿದ ಹೆಸರಿನಾಕಿ ನನ್ನಾಕಿ ಆಗ್ತಾಳ, ನೋಡು. ಸೊಸಿ ಬಾವ್ಯಾಗ ಬಗ್ಗಿದ್ಲು, ಬಾಯಿ ತಗದ್ಲು... ಅಯ್ಯ, ಇರ್ರಿ, ಒಲಿ ಮ್ಯಾಲ ಹಾಲು ಉಕ್ಕಾಕ ಹತ್ತೇತಿ. ಇಳಿಸಿ ಬಂದು ಹೇಳ್ತೀನಿ.'

ಆಮೇಲೆ ಬಳೆಯ ಸದ್ದು. ಹಾಲು ಬೆಂಕಿಗೆ ಬಿದ್ದು ಸುಂಯ್ ಎನ್ನುವ ಸದ್ದು. ಅಲ್ಲಿಗೆ ದನಿ ನಿಲ್ಲುತ್ತದೆ.

ಅಕ್ಕೋರೆ, ನಾನು ಸುಲಭಕ್ಕೆ ಬೆರಗಾಗುವವಳಲ್ಲ. ಕಾಲದಲ್ಲಿ ಹಿಂದಕ್ಕೆ ಓಡುವ ಅಂಚೆ ಬಂದಾಗಲೂ 'ಮೊದಲು ಹೊತ್ತಿಗೆ ಸರಿಯಾಗಿ ಬರಲಿ ಅದು' ಎಂದವಳು. ಆದರೆ ಆ ಸುಂಯ್ ಸದ್ದು ಮೊದಲ ಸಲ ಕಿವಿಗೆ ಬಿದ್ದ ದಿನ ನಾನು ಕುಳಿತಲ್ಲೇ ಕೈ ಮುಗಿದೆ. ನೂರ ಅರವತ್ತು ವರ್ಷದ ಹಿಂದೆ ಉಕ್ಕಿದ ಹಾಲು! ಅದನ್ನು ಕುಡಿಯಬೇಕಾದವರು ಹೋದರು, ಆ ಎಮ್ಮೆ ಹೋಯಿತು, ಒಲೆ ಹೋಯಿತು, ಆ ಒಲೆಯಿದ್ದ ಓಣಿಯ ಮೇಲೆ ಈಗ ನೀರು ನಿಂತಿದೆ. ಹಾಲು ಮಾತ್ರ ಇನ್ನೂ ಉಕ್ಕುತ್ತಿದೆ. ರಾಜರು ಕಲ್ಲಿನ ಮೇಲೆ ಕೊರೆಸಿದ ಶಾಸನಗಳಲ್ಲಿ ಯಾವ ಅಡುಗೆಮನೆಯ ಸದ್ದಾದರೂ ಇದೆಯೇ ಹೇಳಿ. ನಿಮ್ಮ ಸಂತೆಯಂಥ ಗ್ರೂಪಿನಲ್ಲಿ ಇದೆ.

ಬಸಲಿಂಗವ್ವ ಹಾಲು ಇಳಿಸಿ ಬಂದಳು. ಬರುವಷ್ಟರಲ್ಲಿ ನೀವು ಗ್ರೂಪಿನ ಬಾಯಿ ಕಟ್ಟಿದ್ದಿರಿ. ನೀವೊಬ್ಬರು ಮಾತ್ರ ಮಾತಾಡಬಹುದು, ಉಳಿದವರು ಕೇಳಬೇಕು. ಮೇಲಿನವರ ಕಾಟ ಇದ್ದೀತು, ಹೋತದವನ ಕಾಟವೂ ಇದ್ದೀತು, ನಿಮ್ಮನ್ನು ದೂರುತ್ತಿಲ್ಲ. ಮನೆಯವರ ಮುಂದೆ ಅವಳು ಕಥೆ ಮುಗಿಸಿಯೇ ಇರುತ್ತಾಳೆ. ಆದರೆ ಕೇಳಿದವರು ಮೂರು ಕಡೆ ಮನೆ ಮಾಡಿದರು, ಕಥೆಗೂ ಮೂರು ಕೊನೆ ಹುಟ್ಟಿದವು. ಸೊಸೆ ತನ್ನ ಹೆಸರನ್ನೇ ಕೊಟ್ಟಳು ಎಂದು ನನ್ನ ಅವ್ವ ಹೇಳುತ್ತಿದ್ದಳು. ಅತ್ತೆಯ ಹೆಸರು ಕೊಟ್ಟು ತಣ್ಣಗೆ ಮನೆಗೆ ಬಂದಳು ಎನ್ನುತ್ತಾಳೆ ಎರಡನೆಯ ಮನೆಯ ಶಂಕ್ರವ್ವ, ನನಗೆ ವರಸೆಯಲ್ಲಿ ತಂಗಿ. ಮೂರನೆಯ ಮನೆಯವರ ಪ್ರಕಾರ ಅವಳು ಯಾರ ಹೆಸರನ್ನೂ ಕೊಡದೆ ಬರಿಗೊಡ ಹೊತ್ತು ಬಂದಳು. ಮೂರೂ ಮನೆಯವರು ಬಸಲಿಂಗವ್ವನ ಆಣೆ ಹಾಕುತ್ತೇವೆ.

ಮಾತುಮನೆಯಲ್ಲಿ ಒಂದು ಪದ್ಧತಿಯಿದೆ. ತುಂಡಾದ ದನಿಯನ್ನು ಆ ವಂಶದ ಹಿರಿಯ ಹೆಂಗಸು ತನ್ನ ಬಾಯಿಂದ ತುಂಬಬೇಕು. ಆಮೇಲೆ ಅದೇ ನಿಜವೆಂದು ಎಂದೆಂದಿಗೂ ನಿಲ್ಲುತ್ತದೆ. ಈಗ ಸರದಿ ನನ್ನದು. ಮಾತುಮನೆ ನೋಡಿಕೊಳ್ಳುವ ಇರ್ಫಾನ ಒಳ್ಳೆಯವನು, ಕಂಡಾಗೊಮ್ಮೆ ನೆನಪಿಸುತ್ತಾನೆ: 'ಯುಗಾದಿಯೊಳಗ ತುಂಬ್ರಿ ಅಜ್ಜಿ. ಇಲ್ಲಂದ್ರ ಸರದಿ ಶಂಕ್ರವ್ವಜ್ಜಿಗೆ ಹೋಗ್ತೈತ್ರಿ.' ಶಂಕ್ರವ್ವ ಆಗಲೇ ಗಂಟಲು ಸರಿಮಾಡಿಕೊಂಡು ಕುಳಿತಿದ್ದಾಳೆ. ಮೊನ್ನೆ ನನ್ನ ಮನೆಯ ಕಟ್ಟೆಗೇ ಬಂದು ಕೇಳಿದಳು, 'ಯಾಕವಾ ಫಕೀರಿ, ಬಾಯಿಗೇನು ಕೀಲಿ ಬಿದ್ದೇತೇನ?' 'ನಿನ್ನ ಬಾಯಿಗೆ ಬಿದ್ದಿದ್ರ ಊರಿಗೆ ಉಪಕಾರ ಆಗತಿತ್ತು' ಎಂದು ಕಳಿಸಿದೆ. ಆದರೆ ಅವಳು ಹೋದ ಮೇಲೆ ನಿಮಗೆ ಈ ಕಾಗದ ಬರೆಯಲು ಕೂತೆ. ಅವ್ವನ ಕೊನೆಯೇ ಸರಿ ಎಂದು ನಾನು ಜನ್ಮವೆಲ್ಲ ವಾದಿಸಿದ್ದೇನೆ. ವಾದ ಮಾಡುವುದು ಬೇರೆ, ಬಸಲಿಂಗವ್ವನ ಬಾಯೊಳಗೆ ನನ್ನ ಮಾತು ತುರುಕುವುದು ಬೇರೆ. ನಾಳೆ ಯಾವುದೋ ಕೂಸು ಆ ಪುಸ್ತಕದ ಬೆನ್ನು ಸವರಿ, ಹಾಲು ಉಕ್ಕಿದ ಸದ್ದು ಕೇಳಿ, ಆಮೇಲೆ ನನ್ನ ಒಡಕು ದನಿಯನ್ನು ಅವಳದೆಂದೇ ನಂಬುತ್ತದೆ. ಅದು ನನ್ನಿಂದಾಗದು. ಶಂಕ್ರವ್ವನಿಂದ ಆಗುತ್ತದೆ, ಅದೇ ನನ್ನ ಭಯ.

ನೀವು ಮುಂದೊಂದು ದಿನ ಗ್ರೂಪಿನ ಬಾಯಿ ಬಿಚ್ಚಿದಿರಿ. ಬಿಚ್ಚಿದ್ದಕ್ಕೇ ಮಾತುಮನೆ ಹುಟ್ಟಿತು, ಆ ಋಣ ನಮ್ಮ ಮೇಲಿದೆ. ಆದರೆ ಆಗ ಮುಂದಿನ ಮಳೆಗಾಲ ಬಂದಿರುತ್ತದೆ. ಆ ದನಿಗಳ ನಡುವೆ ಬಸಲಿಂಗವ್ವನದು ಇಲ್ಲ. ಯಾಕೆ ಎಂದು ಬರೆಯಲು ಹಿನ್ನಂಚೆಯಲ್ಲಿ ಅಪ್ಪಣೆಯಿಲ್ಲ. ತಿಳಿದವರು ನನಗೆ ಹೇಳುತ್ತಾರೆ, 'ಆ ದನಿ ಇವತ್ತು ಇಲ್ಲ ಅಂದ ಮ್ಯಾಲ ಅಕ್ಕೋರು ಆಕಿ ಮನಿಗೆ ಕಥಿ ಕೇಳಾಕ ಹೋಗೇ ಇಲ್ಲ ಅಂತನ ಅರ್ಥ, ಅಜ್ಜಿ, ಸುಮ್ಮನ ಯಾಕ ಬರೀತಿ?' ಇದ್ದದ್ದೆಲ್ಲ ನಮ್ಮ ಕಪಾಟಿಗೆ ಬಂದಿದೆಯೆಂದು ಇವರಿಗೆ ಯಾರು ಹೇಳಿದರು? ನಿಮ್ಮ ಕಾಲದ ದನಿಗಳೆಲ್ಲ ಯಾರದೋ ದೂರದ ಅಂಗಡಿಯಲ್ಲಿದ್ದವು. ಒಂದು ದಿನ ಅಂಗಡಿ ಮುಚ್ಚಿತು, ಯಾರೋ ಪ್ರತಿ ತೆಗೆದಿಟ್ಟವು ಮಾತ್ರ ನಮಗೆ ಸಿಕ್ಕವು. ಆದುದರಿಂದ ನೀವು ಬಸಲಿಂಗವ್ವನ ಬಾಯಿಂದ ಕೇಳಿದ್ದನ್ನು ಊರಿನಲ್ಲೇ, ಗ್ರಂಥಾಲಯದ ಮೂಡಣ ಗೋಡೆಯ ಗೂಡಿನಲ್ಲಿ ಒಂದು ಪ್ರತಿ ಇಡಿ. ಆ ಗೋಡೆ ಇನ್ನೂ ನಿಮ್ಮ ಕಾಲದ್ದೇ. ಅದಕ್ಕೆ ಯಾರೋ ಗಾರೆ ಮೆತ್ತಿ ಗಿಲಾಯಿ ಮಾಡಿ ಗೂಡು ಮುಚ್ಚಿದ್ದಾರೆ. ಯುಗಾದಿಯ ಬೆಳಗ್ಗೆ ನಾನು ಇರ್ಫಾನನ ಕೈಯಿಂದ ಅದನ್ನು ಒಡೆಸುತ್ತೇನೆ, ಶಂಕ್ರವ್ವನನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡು. ಬಸಲಿಂಗವ್ವ ಅತ್ತೆಯ ಹೆಸರೇ ಹೇಳಿದ್ದರೆ ಹೇಳಲಿ. ಶಂಕ್ರವ್ವನ ಮುಂದೆ ಸೋಲುವುದು ನನಗೆ ಸಣ್ಣ ಮಾತಲ್ಲ, ಆದರೂ ಸೋಲುತ್ತೇನೆ.

ಗ್ರೂಪಿನ ಬಾಯಿ ಇವತ್ತೇ ಬಿಚ್ಚಿ ಎಂದು ನಾನು ಹೇಳುವುದಿಲ್ಲ, ಅದು ನಿಮ್ಮ ಹೊತ್ತಿಗೆ ಬಿಚ್ಚುತ್ತದೆ. ಈ ಕಾಗದ ಮಡಿಚಿಟ್ಟು ಎದ್ದುಬಿಡಿ. ಆ ಬಾವಿಯ ಪುಸ್ತಕ ಹಿಡಿದುಕೊಳ್ಳಿ. ಹಿಟ್ಟಿನ ಗಿರಣಿಯ ಹಿಂದೆ, ಬೇವಿನ ಗಿಡದ ಎದುರಿನದೇ ಬಸಲಿಂಗವ್ವನ ಮನೆ. ಅವಳು ಸಿಟ್ಟಾಗಿಲ್ಲ, ಫೋನು ಕೆಟ್ಟಿದೆ ಎಂದು ತಿಳಿದಿದ್ದಾಳೆ, ಅಷ್ಟೇ. ಚಹಾ ಕೊಟ್ಟರೆ ಕುಡಿಯಿರಿ. ಆಮೇಲೆ ನಿಮ್ಮ ಫೋನಿನ ಗುಂಡಿ ಒತ್ತಿ ಹಿಡಿದು, 'ಯವ್ವಾ, ಹಾಲು ಇಳಿಸಿ ಬಂದ್ರೇನು? ಮುಂದ ಹೇಳ್ರಿ' ಎಂದು ಕೇಳಿ.

ಅವಳು ಮುಗಿಸುವ ತನಕ ಬೆರಳು ತೆಗೆಯಬೇಡಿ.

ನಿಮ್ಮ ಊರಿನ,
ಫಕೀರವ್ವ